ಎಲೆ ನೋಡಿ ನೀರು ಹಾಕಿ

ಷಿಕಾಗೊ ಬಳಿಯ ನಮ್ಮ ಶಾಮ್‌ಬರ್ಗ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಕರಗಿದ ಹಿಮವನ್ನೂ ಸೇರಿಸಿದರೆ, ಸುಮಾರು 960 ಮಿಲಿಮೀಟರ್. ಬೆಂಗಳೂರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೂ ಬೆಂಗಳೂರಿನ ಬಾಲ್ಕನಿಯಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಕರಿಬೇವು, ತುಳಸಿ, ಮಲ್ಲಿಗೆ ಇಲ್ಲಿ ಜನವರಿ ಕಳೆಯುವಷ್ಟರಲ್ಲಿ ಬೋಳಾಗಿ ನಿಲ್ಲುತ್ತವೆ. ಯುಗಾದಿ ಹೊತ್ತಿಗೆ ಕನ್ನಡ ಕೂಟದ ಊಟದ ಸಾಲಿನಲ್ಲಿ ಕುಳಿತರೆ ಪಕ್ಕದವರಿಂದ ಬರುವ ಪ್ರಶ್ನೆ ಬಹುತೇಕ ಒಂದೇ: "ನಿಮ್ಮ ಕರಿಬೇವು ಉಳೀತಾ? ವಾರಕ್ಕೆ ಎಷ್ಟು ಸಲ ನೀರು ಹಾಕ್ತೀರಿ?"

ವಾರಕ್ಕೆ ಇಷ್ಟು ಸಲ ಎಂದು ಲೆಕ್ಕ ಇಟ್ಟುಕೊಂಡು ನೀರು ಹಾಕುವುದೇ ಅರ್ಧ ಗಿಡಗಳ ಸಾವಿಗೆ ಕಾರಣ. ಯಾವ ಗಿಡವಾದರೂ ತನ್ನ ತವರಿನಲ್ಲಿ ಎಷ್ಟು ಮಳೆ ಬೀಳುತ್ತಿತ್ತು, ಎಷ್ಟು ದಿನ ಬಿಸಿಲು ಕಾಯುತ್ತಿತ್ತು ಎಂಬುದನ್ನು ಎಲೆ, ಕಾಂಡ, ಬೇರುಗಳಲ್ಲೇ ಹೊತ್ತು ಬಂದಿರುತ್ತದೆ. ಅದನ್ನು ಗುರುತಿಸಲು ಬಂದರೆ ಯಾವುದಕ್ಕೆ ಎಷ್ಟು ನೀರು, ಯಾವುದನ್ನು ಎಲ್ಲಿಡಬೇಕು ಎಂಬುದನ್ನು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ.

ಇದನ್ನು ಕಲಿಯಲು ನಮ್ಮೂರಲ್ಲೇ ಒಳ್ಳೆಯ ಜಾಗವಿದೆ. ಶಾಮ್‌ಬರ್ಗ್ ರಸ್ತೆಯ ಸ್ಪ್ರಿಂಗ್ ವ್ಯಾಲಿ ನಿಸರ್ಗ ಕೇಂದ್ರವನ್ನು ಊರಿನ ಪಾರ್ಕ್ ಡಿಸ್ಟ್ರಿಕ್ಟ್ ನೋಡಿಕೊಳ್ಳುತ್ತದೆ. 135 ಎಕರೆಯ ಆ ಜಾಗದಲ್ಲಿ ಇಲಿನಾಯ್‌ನ ಹಳೆಯ ಹುಲ್ಲುಗಾವಲನ್ನು, ಅಂದರೆ ಪ್ರೇರಿಯನ್ನು, ಮತ್ತೆ ಬೆಳೆಸಿದ್ದಾರೆ. ಜೌಗು, ಕೊಳ, ಮರಗಾಡು ಎಲ್ಲವೂ ಒಂದೇ ನಡಿಗೆಯಲ್ಲಿ ಸಿಗುತ್ತವೆ. ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಹೋದರೆ ಹಳದಿ ಹೂವಿನ ಎತ್ತರದ ಗಿಡಗಳು ಕಣ್ಣಿಗೆ ಬೀಳುತ್ತವೆ. ಸೂರ್ಯಕಾಂತಿಯ ಬಳಗಕ್ಕೆ ಸೇರಿದ ಇವು ಸಿಲ್ಫಿಯಂ ಎಂಬ ಒಂದೇ ಕುಲದವು. ದಾಯಾದಿಗಳಾದರೂ ಒಂದು ಒಣ ನೆಲಕ್ಕೆ ಒಗ್ಗಿದೆ, ಇನ್ನೊಂದು ತೇವದ ನೆಲಕ್ಕೆ.

ಒಣ ನೆಲದ್ದು ಕಂಪಾಸ್ ಪ್ಲಾಂಟ್. ಆಳೆತ್ತರ ಮೀರಿ ಬೆಳೆಯುವ ಈ ಗಿಡದ ಬುಡದ ಎಲೆಗಳು ಮೊಳದುದ್ದ, ಆಳವಾಗಿ ಸೀಳಿದಂಥವು, ಮುಟ್ಟಿದರೆ ಒರಟು. ಎಲೆಗಳು ನೆಲಕ್ಕೆ ಚಾಚದೆ ನೆಟ್ಟಗೆ ನಿಂತು, ಅಂಚುಗಳನ್ನು ಉತ್ತರಕ್ಕೂ ದಕ್ಷಿಣಕ್ಕೂ ತಿರುಗಿಸಿಕೊಂಡಿರುತ್ತವೆ. ಬೆಳಗಿನ ಎಳೆಬಿಸಿಲು ಎಲೆಯ ಒಂದು ಮುಖಕ್ಕೆ, ಸಂಜೆಯದು ಇನ್ನೊಂದು ಮುಖಕ್ಕೆ ಪೂರ್ತಿಯಾಗಿ ಬೀಳುತ್ತದೆ. ನಡು ಮಧ್ಯಾಹ್ನದ ಸುಡುಬಿಸಿಲು ಬರಿಯ ಅಂಚನ್ನು ಸವರಿಕೊಂಡು ಹೋಗುತ್ತದೆ. ಬೆಳಕು ಬೇಕಾದಷ್ಟು ಸಿಕ್ಕಿತು, ಕಾವು ತಪ್ಪಿತು, ನೀರು ಉಳಿಯಿತು. ಇದರ ತಾಯಿಬೇರು ನಾಲ್ಕು ಮೀಟರಿಗೂ ಆಳಕ್ಕೆ ಇಳಿಯಬಲ್ಲದು.

ಅದೇ ದಾರಿಯಲ್ಲಿ ಇಳಿಜಾರಿನ ತಗ್ಗಿಗೆ ಬಂದರೆ ಕಪ್ ಪ್ಲಾಂಟ್ ಸಿಗುತ್ತದೆ. ಕಾಂಡವನ್ನು ಬೆರಳಿನಿಂದ ಸವರಿದರೆ ನಾಲ್ಕು ಮೂಲೆಗಳು ಸ್ಪಷ್ಟವಾಗಿ ತಿಳಿಯುತ್ತವೆ. ಎದುರುಬದುರಿನ ಎರಡು ಎಲೆಗಳ ಬುಡ ಕಾಂಡವನ್ನು ಸುತ್ತುವರಿದು ಒಂದಾಗಿ ಬಟ್ಟಲಾಗಿದೆ. ಮಳೆ ಬಂದ ಮರುದಿನ ಹೋದರೆ ಆ ಬಟ್ಟಲಿನಲ್ಲಿ ನೀರು ನಿಂತಿರುತ್ತದೆ, ಗೋಲ್ಡ್‌ಫಿಂಚ್ ಹಕ್ಕಿಗಳು ಬಂದು ಕುಡಿಯುತ್ತವೆ. ಬಿಸಿಲನ್ನು ತಪ್ಪಿಸಿಕೊಳ್ಳುವ ಗೊಡವೆ ಇದಕ್ಕಿಲ್ಲ. ಅಗಲವಾದ ಎಲೆಗಳನ್ನು ಧಾರಾಳವಾಗಿ ಹರಡಿಕೊಂಡಿದೆ.

ಒಣ ನೆಲದ ಗಿಡ ನೀರನ್ನು ಇಷ್ಟು ಜೋಪಾನ ಮಾಡುವುದಕ್ಕೆ ಕಾರಣ ಎಲೆಯ ಮೇಲಿನ ಕಣ್ಣಿಗೆ ಕಾಣದ ಪತ್ರರಂಧ್ರಗಳು. ಆಹಾರ ತಯಾರಿಸಲು ಇಂಗಾಲದ ಡೈಆಕ್ಸೈಡ್ ಬೇಕು, ಅದು ಒಳಗೆ ಬರಲು ರಂಧ್ರ ತೆರೆಯಬೇಕು, ತೆರೆದ ಕೂಡಲೇ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಎಲೆಯನ್ನು ಸಣ್ಣದಾಗಿಸುವುದು, ಮೇಲೆ ಮೇಣ ಅಥವಾ ರೋಮ ಬೆಳೆಸುವುದು, ಬಿಸಿಲಿಗೆ ಸುರುಳಿ ಸುತ್ತುವುದು, ಎಲೆಯನ್ನೇ ಬಿಟ್ಟು ಮುಳ್ಳಾಗುವುದು, ಇವೆಲ್ಲ ಈ ನಷ್ಟವನ್ನು ತಗ್ಗಿಸುವ ದಾರಿಗಳು. ಎಲೆಯನ್ನು ನೋಡಿದಾಗ ಮೊದಲು ಇವನ್ನು ಹುಡುಕಿ.

ಎಲೆಯೊಂದನ್ನೇ ನಂಬಿದರೂ ಸಾಲದು. ಸ್ಪ್ರಿಂಗ್ ವ್ಯಾಲಿಯಂಥ ಹುಲ್ಲುಗಾವಲುಗಳಲ್ಲಿ ಪ್ರೇರಿ ಡಾಕ್ ಎಂಬ ಇನ್ನೊಂದು ಸಿಲ್ಫಿಯಂ ಇದೆ. ಅದರ ಎಲೆ ಕೆಸುವಿನ ಎಲೆಯಷ್ಟು ದೊಡ್ಡದು, ನೀರಿನ ದಡದ ಗಿಡವಿರಬೇಕು ಎನಿಸುತ್ತದೆ. ಉರಿಬಿಸಿಲಿನ ಹೊತ್ತಿನಲ್ಲಿ ಆ ಎಲೆಯ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗಿರುತ್ತದೆ. ಬೇರು ಬಹಳ ಆಳದಿಂದ ನೀರೆತ್ತುತ್ತದೆ, ಆ ನೀರು ಆವಿಯಾಗುತ್ತ ಎಲೆಯನ್ನು ತಂಪಾಗಿಡುತ್ತದೆ. ಮೇಲ್ಮಣ್ಣು ಬಿರುಕು ಬಿಟ್ಟರೂ ಈ ಗಿಡಕ್ಕೆ ಚಿಂತೆಯಿಲ್ಲ. ನಮ್ಮ ಬಯಲುಸೀಮೆಯ ಬನ್ನಿಮರ ನೆಚ್ಚಿಕೊಂಡಿರುವುದೂ ಆಳದ ಬೇರನ್ನೇ.

ಪ್ರೇರಿಯ ಮುಖ್ಯ ಹುಲ್ಲಾದ ಬಿಗ್ ಬ್ಲೂಸ್ಟೆಮ್ ಕೂಡ ಬೇರಿನ ಬಲದಿಂದಲೇ ಬದುಕುತ್ತದೆ. ಇಲಿನಾಯ್ 1989ರಲ್ಲಿ ಇದನ್ನು ರಾಜ್ಯದ ಪ್ರೇರಿ ಹುಲ್ಲೆಂದು ಘೋಷಿಸಿತು. ರಾಗಿ, ಜೋಳ, ಕಬ್ಬುಗಳಂತೆ ಇದು ಸಿ4 ಎಂಬ ವಿಧಾನದಲ್ಲಿ ಆಹಾರ ತಯಾರಿಸುತ್ತದೆ. ಇಂಗಾಲದ ಡೈಆಕ್ಸೈಡನ್ನು ಎಲೆಯೊಳಗೆ ಒಂದೆಡೆ ಸಾಂದ್ರಗೊಳಿಸಿಕೊಳ್ಳುವುದರಿಂದ ರಂಧ್ರಗಳನ್ನು ಹೆಚ್ಚು ತೆರೆಯುವ ಅಗತ್ಯ ಬೀಳುವುದಿಲ್ಲ. ನೆಲದೊಳಗೆ ಇದರ ಬೇರುಗಳ ಹೆಣಿಗೆ ಎಷ್ಟು ಗಟ್ಟಿಯೆಂದರೆ ಪೂರ್ವದಿಂದ ಬಂದ ರೈತರ ಹಳೆಯ ನೇಗಿಲುಗಳು ಈ ಜಿಗುಟು ಮಣ್ಣಿನಲ್ಲಿ ಸೋತವು. 1837ರಲ್ಲಿ ಜಾನ್ ಡೀರ್ ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್‌ನಲ್ಲಿ ಉಕ್ಕಿನ ನೇಗಿಲು ಮಾಡಿದ ಮೇಲೆ ಪ್ರೇರಿ ಮೆಕ್ಕೆಜೋಳದ ಹೊಲವಾಯಿತು. ಸುಮಾರು 2.2 ಕೋಟಿ ಎಕರೆಯಿದ್ದ ಹುಲ್ಲುಗಾವಲಿನಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಉಳಿದದ್ದು ಕೆಲವೇ ಸಾವಿರ ಎಕರೆ. ಅದನ್ನು ನೆನೆದರೆ ಸಂಕಟವಾಗುತ್ತದೆ. ಲೈಲ್‌ನ ಮಾರ್ಟನ್ ಆರ್ಬೊರೇಟಂನಲ್ಲಿ ರೇ ಶೂಲೆನ್‌ಬರ್ಗ್ 1962ರಿಂದ ಮತ್ತೆ ಬೆಳೆಸಿದ ಪ್ರೇರಿ ಇಂದಿಗೂ ಇದೆ. ಸ್ಪ್ರಿಂಗ್ ವ್ಯಾಲಿ ನೋಡಿದವರು ಅದನ್ನೂ ನೋಡಬೇಕು.

ಇಲ್ಲಿ ಪಾಪಾಸುಕಳ್ಳಿ ತಾನಾಗಿಯೇ ಬೆಳೆಯುತ್ತದೆ ಎಂದರೆ ಹೊಸದಾಗಿ ಬಂದವರು ನಂಬುವುದಿಲ್ಲ. ಮಿಶಿಗನ್ ಸರೋವರದ ದಡದ ಇಂಡಿಯಾನಾ ಡ್ಯೂನ್ಸ್‌ನ ಮರಳುದಿಬ್ಬಗಳಲ್ಲಿ, ಉತ್ತರಕ್ಕೆ ಜಯನ್‌ನ ಇಲಿನಾಯ್ ಬೀಚ್ ಉದ್ಯಾನದಲ್ಲಿ, ನಮ್ಮ ಪಾಪಾಸುಕಳ್ಳಿಯ ಕುಲದ್ದೇ ಆದ ಒಂದು ಜಾತಿ ನೆಲಕ್ಕೊರಗಿಕೊಂಡು ಬೆಳೆಯುತ್ತದೆ. ಎಲೆ ಮುಳ್ಳಾಗಿದೆ, ಕಾಂಡವೇ ಹಸಿರಾಗಿ ನೀರು ಕೂಡಿಟ್ಟುಕೊಂಡಿದೆ. ಚಳಿಗಾಲ ಬರುತ್ತಿದ್ದಂತೆ ಅದು ಒಳಗಿನ ನೀರನ್ನು ಕಡಿಮೆ ಮಾಡಿಕೊಂಡು, ಸುಕ್ಕುಗಟ್ಟಿ, ನೆಲಕ್ಕೆ ಅಂಟಿ ಮಲಗುತ್ತದೆ. ನೀರು ಕಡಿಮೆಯಿದ್ದಷ್ಟೂ ಜೀವಕೋಶಗಳೊಳಗೆ ಮಂಜುಗಡ್ಡೆ ಕಟ್ಟಿ ಸೀಳುವ ಅಪಾಯ ಕಡಿಮೆ. ಬೇಸಿಗೆಯಲ್ಲಿ ಮತ್ತೆ ಉಬ್ಬಿಕೊಂಡು ಹಳದಿ ಹೂ ಬಿಡುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಹೆನ್ರಿ ಚಾಂಡ್ಲರ್ ಕೌಲ್ಸ್ ಇದೇ ದಿಬ್ಬಗಳಲ್ಲಿ ಅಲೆದಾಡಿ, ಬರಿಯ ಮರಳು ಹಂತಹಂತವಾಗಿ ಕಾಡಾಗುವ ಬಗೆಯನ್ನು 1899ರಲ್ಲಿ ಪ್ರಕಟಿಸಿದರು. ಸಸ್ಯ ಪರಿಸರ ವಿಜ್ಞಾನ ಅಮೆರಿಕದಲ್ಲಿ ಬೇರೂರಿದ್ದು ಇಂಥ ಕೆಲಸದಿಂದ.

ನೀರಿನ ಗಿಡಗಳ ಕಷ್ಟ ಬೇರೆ. ಅವುಗಳಿಗಿರುವ ಕೊರತೆ ಗಾಳಿಯದು. ಬೇರೂ ಉಸಿರಾಡಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಕೆಸರಿನಲ್ಲಿ ಸಾಮಾನ್ಯ ಗಿಡದ ಬೇರು ಉಸಿರುಗಟ್ಟಿ ಕೊಳೆಯುವುದು ಇದರಿಂದ. ಜೌಗಿನ ಗಿಡಗಳು ಇದಕ್ಕೆ ಮಾಡಿಕೊಂಡ ವ್ಯವಸ್ಥೆಯನ್ನು ಅಡುಗೆಮನೆಯಲ್ಲೇ ನೋಡಬಹುದು. ಆರ್ಲಿಂಗ್ಟನ್ ಹೈಟ್ಸ್‌ನ ಮಿತ್ಸುವಾ ಅಂಗಡಿಯಲ್ಲಿ ಸಿಗುವ ತಾವರೆ ಗೆಡ್ಡೆಯನ್ನು ತಂದು ಅಡ್ಡಕ್ಕೆ ಕತ್ತರಿಸಿ. ಸುತ್ತ ಕಾಣುವ ತೂತುಗಳು ಗಾಳಿಯ ಕೊಳವೆಗಳು. ಮೇಲಿನ ಎಲೆ ಎಳೆದುಕೊಂಡ ಗಾಳಿ ದಂಟಿನ ಮೂಲಕ ಕೆಸರಿನೊಳಗಿನ ಗೆಡ್ಡೆಗೆ ತಲುಪುವುದು ಇವುಗಳಲ್ಲೇ. ತಾವರೆ, ನೈದಿಲೆಗಳ ಪತ್ರರಂಧ್ರಗಳು ಎಲೆಯ ಮೇಲ್ಭಾಗದಲ್ಲಿರುವುದಕ್ಕೂ ಇದೇ ಕಾರಣ, ತೇಲುವ ಎಲೆಯ ಕೆಳಭಾಗಕ್ಕೆ ಗಾಳಿ ಎಲ್ಲಿಂದ ಬರಬೇಕು?

ಮಕ್ಕಳಿಗೆ ತೋರಿಸಲು ನಮ್ಮ ಟೌನ್‌ಹೋಮ್‌ಗಳ ಹಿಂದಿನ ಮಳೆನೀರಿನ ಕೊಳಗಳೂ ಸಾಕು. ಅಲ್ಲಿ ಕಂದು ಕದಿರಿನ ಜೊಂಡು ದಟ್ಟವಾಗಿ ನಿಂತಿರುತ್ತದೆ. ಅದರ ಎಲೆಯೊಳಗೂ ಇಂಥದೇ ಗಾಳಿಗೂಡುಗಳು. ಊರಿನ ಕಡೆ ಶರಾವತಿಯ ಅಳಿವೆಯಲ್ಲಿ ಕಾಂಡ್ಲಾ ಗಿಡಗಳು ಇದೇ ಕೆಲಸಕ್ಕೆ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚುತ್ತವೆ. ಸಿದ್ದಾಪುರ ಸೀಮೆಯ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯ ಮರಗಳು ಬೇರನ್ನು ಮಂಡಿಯಂತೆ ಮಡಚಿ ನೀರಿನಿಂದ ಹೊರಗಿಟ್ಟುಕೊಂಡಿವೆ. ಎರಡು ಖಂಡಗಳಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಗಿಡಗಳು ಹೀಗೆ ಒಂದೇ ತೀರ್ಮಾನಕ್ಕೆ ಬಂದಿರುವುದು ನನಗೆ ಇಂದಿಗೂ ಬೆರಗು.

ನೀರಿದ್ದರೂ ಪೋಷಕಾಂಶವಿಲ್ಲದ ಜಾಗಗಳೂ ಇವೆ. ಶಾಮ್‌ಬರ್ಗ್‌ನಿಂದ ಕಾರಿನಲ್ಲಿ ಗಂಟೆಯೊಳಗೆ ತಲುಪುವ ಇಂಗಲ್‌ಸೈಡ್‌ನ ವೋಲೊ ಬಾಗ್‌ನಲ್ಲಿ ಪಾಚಿಯ ಹಾಸು ನೀರಿನ ಮೇಲೆ ತೇಲುತ್ತದೆ. ಅಲ್ಲಿನ ಹುಳಿ ನೀರಿನಲ್ಲಿ ಸಾರಜನಕ ಸಿಗುವುದು ಕಷ್ಟವಾದ್ದರಿಂದ ಹೂಜಿಗಿಡ ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ. ಕಾಸರಗೋಡು, ದಕ್ಷಿಣ ಕನ್ನಡದ ಮುರಕಲ್ಲಿನ ಪದವುಗಳಲ್ಲಿ ಮಳೆಗಾಲಕ್ಕೆ ಅರಳುವ ಪುಟ್ಟ ಕೀಟಾಹಾರಿ ಗಿಡಗಳ ಕಥೆಯೂ ಇದೇ.

ಈಗ ಮನೆಯೊಳಗಿನ ಕುಂಡಗಳಿಗೆ ಬರೋಣ.

ಜನವರಿಯಲ್ಲಿ ಹೊರಗೆ ಮೈನಸ್ 15 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗಾಳಿಯಲ್ಲಿ ತೇವ ಇಲ್ಲವೆನ್ನುವಷ್ಟು ಕಡಿಮೆ. ಅದೇ ಗಾಳಿಯನ್ನು ಫರ್ನೇಸ್ 21 ಡಿಗ್ರಿಗೆ ಕಾಯಿಸಿದರೆ ಸಾಪೇಕ್ಷ ಆರ್ದ್ರತೆ ಶೇಕಡ 10ಕ್ಕಿಂತ ಕೆಳಗೆ ಇಳಿಯುತ್ತದೆ. ಅಡುಗೆ, ಸ್ನಾನ, ಉಸಿರಿನಿಂದ ಒಂದಿಷ್ಟು ತೇವ ಸೇರಿದರೂ ಹಿಮಗಾಲದ ಶಾಮ್‌ಬರ್ಗ್ ಮನೆ ಏಪ್ರಿಲ್ ಮಧ್ಯಾಹ್ನದ ರಾಯಚೂರಿಗಿಂತ ತೇವವಾಗಿರುವುದಿಲ್ಲ. ಇದರ ಜೊತೆಗೆ ಬೆಳಕು ಕಡಿಮೆ. ಬೆಳಕಿಲ್ಲದಿದ್ದಾಗ ಗಿಡ ಬೆಳೆಯುವುದಿಲ್ಲ, ಬೆಳೆಯದ ಗಿಡ ನೀರು ಹೀರುವುದಿಲ್ಲ. ಎಲೆಗೆ ಒಣಗಾಳಿ, ಬೇರಿಗೆ ಒದ್ದೆಮಣ್ಣು, ಇವೆರಡೂ ಒಟ್ಟಿಗೆ ಬಂದಾಗಲೇ ಗಿಡ ಸಾಯುತ್ತದೆ. ನೀರನ್ನು ಮಣ್ಣಿಗೆ ಸುರಿದು ಗಾಳಿಯ ಒಣತನವನ್ನು ಸರಿಪಡಿಸಲಾಗದು.

ಲೋಳೆಸರ, ಸ್ನೇಕ್ ಪ್ಲಾಂಟ್, ಕಳ್ಳಿ ಜಾತಿಗಳು ಹೆಚ್ಚಾಗಿ ರಾತ್ರಿಯೇ ಪತ್ರರಂಧ್ರ ತೆರೆಯುತ್ತವೆ. ದಪ್ಪ ಎಲೆಯಲ್ಲಿ ಅಥವಾ ಕಾಂಡದಲ್ಲಿ ತಿಂಗಳುಗಟ್ಟಲೆ ನೀರಿರುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಮ್ಮೆ ನೀರು ಕೊಟ್ಟರೆ ಧಾರಾಳವಾಯಿತು. ಮಣ್ಣಿಗೆ ಪರ್ಲೈಟ್ ಅಥವಾ ದಪ್ಪ ಮರಳು ಬೆರೆಸಿ, ಮಣ್ಣಿನ ಕುಂಡವನ್ನೇ ಬಳಸಿ. ದೊಡ್ಡಪತ್ರೆಯ ಎಲೆಯೂ ದಪ್ಪ, ಮೇಲೆ ರೋಮ. ಅದನ್ನೂ ಇವುಗಳ ಸಾಲಿನಲ್ಲೇ ಇಡಿ, ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಕೊಡಿ.

ಕರಿಬೇವು ಮಳೆಗಾಲವೂ ಬೇಸಿಗೆಯೂ ಸ್ಪಷ್ಟವಾಗಿರುವ ಕಾಡುಗಳ ಗಿಡ. ಒಣ ಕಾಲದಲ್ಲಿ ಎಲೆ ಉದುರಿಸಿ ಸುಮ್ಮನಿರುವುದು ಅದಕ್ಕೆ ಗೊತ್ತು. ಡಿಸೆಂಬರ್‌ನಲ್ಲಿ ಎಲೆ ಉದುರಿದ ಕೂಡಲೇ ಗಾಬರಿಯಾಗಿ ನೀರು, ಗೊಬ್ಬರ ಸುರಿಯಬೇಡಿ. ಕಡ್ಡಿಯನ್ನು ಉಗುರಿನಿಂದ ಚೂರು ಕೆರೆದು ನೋಡಿ, ಒಳಗೆ ಹಸಿರಿದ್ದರೆ ಗಿಡ ಬದುಕಿದೆ. ಮೇಲಿನ ಎರಡು ಅಂಗುಲ ಮಣ್ಣು ಒಣಗಿದಾಗ ಮಾತ್ರ ನೀರು ಕೊಡಿ, ದಕ್ಷಿಣದ ಕಿಟಕಿಯ ಬಳಿ ಇಡಿ ಅಥವಾ ದಿನಕ್ಕೆ 12 ಗಂಟೆ ಎಲ್‌ಇಡಿ ದೀಪ ಹಚ್ಚಿ. ಬೇಸಿಗೆಯಲ್ಲಿ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ, ನೀರಿನದ್ದಲ್ಲ. ಇನ್ನೊಂದು ಮಾತು: ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಕರಿಬೇವಿನ ಸಸಿ, ಎಲೆ ತರಬೇಡಿ. ನಿಂಬೆ ಜಾತಿಯ ಗಿಡಗಳಿಗೆ ಮಾರಕ ರೋಗ ಹರಡುವ ಕೀಟ ಅದರಲ್ಲಿ ಬರಬಹುದಾದ್ದರಿಂದ ಅಮೆರಿಕದಲ್ಲಿ ಅದಕ್ಕೆ ನಿಷೇಧವಿದೆ.

ತೇವದ ಸೀಮೆಯವು ಕೆಸು, ಒಂದೆಲಗ, ವೀಳ್ಯದೆಲೆ. ವೀಳ್ಯದೆಲೆಯ ತುದಿ ಚೂಪಾಗಿರುವುದನ್ನು ಗಮನಿಸಿ. ಅರಳಿ ಎಲೆಯ ಉದ್ದ ತುದಿಯಂತೆ ಅದೂ ಮಳೆನೀರನ್ನು ಬೇಗ ಇಳಿಸಿಬಿಡುತ್ತದೆ. ಅಂಥ ಎಲೆ ಕಂಡರೆ ಆ ಗಿಡಕ್ಕೆ ತೇವದ ಗಾಳಿ ಬೇಕಾಗಬಹುದೆಂದು ತಿಳಿಯಿರಿ. ಹ್ಯೂಮಿಡಿಫೈಯರ್ ಇಟ್ಟು ಶೇಕಡ 40-50ರಷ್ಟು ಆರ್ದ್ರತೆ ಕಾಯ್ದುಕೊಂಡರೆ ವೀಳ್ಯದೆಲೆ ಉಳಿಯುತ್ತದೆ. ಬೆಳಕಿರುವ ಬಚ್ಚಲುಮನೆ ಇನ್ನೂ ಒಳ್ಳೆಯ ಜಾಗ. ಒಂದೆಲಗದ ಕುಂಡದ ಕೆಳಗಿನ ತಟ್ಟೆಯಲ್ಲಿ ಯಾವಾಗಲೂ ನೀರಿದ್ದರೂ ನಡೆಯುತ್ತದೆ. ಕೆಸುವಿನ ಗೆಡ್ಡೆಯನ್ನು ಮೊದಲ ಹಿಮಪಾತಕ್ಕೆ ಮುಂಚೆ ಕಿತ್ತು, ಒಣಗಿಸಿ, ಬೇಸ್‌ಮೆಂಟಿನ ತಂಪಿನಲ್ಲಿ ಪೀಟ್ ಮಾಸ್‌ನೊಳಗೆ ಇಟ್ಟುಬಿಡಿ. ಇಲ್ಲಿನ ನರ್ಸರಿಗಳಲ್ಲಿ ಎಲಿಫೆಂಟ್ ಇಯರ್ ಎಂದು ಮಾರುವುದೆಲ್ಲ ಪತ್ರೊಡೆಗೆ ಆಗುವಂಥದಲ್ಲ. ತಿನ್ನುವ ಜಾತಿಯೆಂದು ಖಚಿತವಿಲ್ಲದಿದ್ದರೆ ಬಾಯಿಗಿಡಬೇಡಿ.

ತುಳಸಿ, ಮಲ್ಲಿಗೆ ಒಣ ಸೀಮೆ, ತೇವದ ಸೀಮೆ ಎರಡರ ನಡುವಿನವು. ಬಿಸಿಲು ಬೇಕು, ಬೇರು ನೀರಿನಲ್ಲಿ ನಿಲ್ಲಬಾರದು, ತೀರ ಒಣಗಲೂಬಾರದು. ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ, ಅಂದರೆ ಸೆಪ್ಟೆಂಬರ್ ಮುಗಿಯುವುದರೊಳಗೆ, ಒಳಗೆ ತನ್ನಿ. ಮೇ ಕೊನೆಗೆ ಹೊರಗಿಡುವಾಗ ಮೊದಲ ವಾರ ನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ ಸರಿಸಿ. ಒಳಗೆ ಬೆಳೆದ ಎಲೆಗೆ ಬಿಸಿಲು ತಡೆಯುವ ದಪ್ಪ ಇರುವುದಿಲ್ಲ.

ಗಿಡ ಬಾಡಿದಾಗ ನೀರಿನ ಚೊಂಬಿಗೆ ಕೈ ಹಾಕುವ ಮುಂಚೆ ಕುಂಡವನ್ನು ಎತ್ತಿ ನೋಡಿ. ಹಗುರವಾಗಿದ್ದು, ಮಣ್ಣು ಕುಂಡದ ಅಂಚು ಬಿಟ್ಟುಕೊಂಡಿದ್ದರೆ ನೀರು ಬೇಕು. ಭಾರವಾಗಿದ್ದು, ಕೆಳಗಿನ ಎಲೆಗಳು ಹಳದಿಯಾಗಿ ಮೆತ್ತಗಾಗಿ, ಮಣ್ಣು ಕೊಳೆತ ವಾಸನೆ ಹೊಡೆದರೆ ಬೇರು ಉಸಿರುಗಟ್ಟಿದೆ. ಕೊಳೆತ ಬೇರಿಗೆ ನೀರು ಹೀರುವ ಶಕ್ತಿಯಿಲ್ಲ, ಹಾಗಾಗಿ ನೀರಿನಲ್ಲಿ ನಿಂತೇ ಗಿಡ ಬಾಡುತ್ತದೆ. ಕುಂಡದಿಂದ ಬಿಡಿಸಿ, ಕಪ್ಪಾದ ಬೇರು ಕತ್ತರಿಸಿ, ಹೊಸ ಸಡಿಲ ಮಣ್ಣಿಗೆ ಹಾಕಿ.

ಸ್ವಂತ ಅಂಗಳವಿದ್ದವರಿಗೆ ಇನ್ನೊಂದು ಕೆಲಸವಿದೆ. ಈ ಭಾಗದ ಮಣ್ಣು ಹಿಮನದಿಗಳು ಬಿಟ್ಟುಹೋದ ಜೇಡಿ. ಏಪ್ರಿಲ್‌ನಲ್ಲಿ ಹಿತ್ತಿಲು ಕೆಸರಾಗಿ ಬೇಸ್‌ಮೆಂಟಿನ ಸಂಪ್ ಪಂಪ್ ಬಿಡುವಿಲ್ಲದೆ ಓಡುತ್ತದೆ, ಆಗಸ್ಟ್‌ನಲ್ಲಿ ಅದೇ ನೆಲ ಬಿರುಕು ಬಿಡುತ್ತದೆ. ಲಾನ್‌ನ ಹುಲ್ಲಿನ ಗಿಡ್ಡ ಬೇರಿಗೆ ಎರಡೂ ಆಗದು. ನೀರು ನಿಲ್ಲುವ ತಗ್ಗಿನಲ್ಲಿ, ಮನೆಯ ಅಡಿಪಾಯದಿಂದ ಕನಿಷ್ಠ 10 ಅಡಿ ದೂರದಲ್ಲಿ, ಆರರಿಂದ ಎಂಟು ಅಂಗುಲ ಆಳದ ಮಳೆತೋಟ ಮಾಡಿ. ನೀರು ಒಂದೆರಡು ದಿನದಲ್ಲಿ ಇಂಗಿಹೋಗುವಂತಿದ್ದರೆ ಸೊಳ್ಳೆಯ ಭಯವಿಲ್ಲ. ಬೇರು ಆಳಕ್ಕಿಳಿದಂತೆ ನೀರು ಇಂಗುವುದೂ ಹೆಚ್ಚುತ್ತದೆ.

ತಗ್ಗಿನ ನಡುವೆ ಸ್ವಾಂಪ್ ಮಿಲ್ಕ್‌ವೀಡ್, ನೀಲಿ ಐರಿಸ್, ಕಪ್ ಪ್ಲಾಂಟ್ ನೆಡಿ. ಕಪ್ ಪ್ಲಾಂಟ್ ಬೇಗ ಹಬ್ಬುತ್ತದೆ, ಜಾಗವಿದ್ದವರಿಗೆ ಮಾತ್ರ. ಮೇಲಿನ ಒಣ ಅಂಚಿಗೆ ಲಿಟಲ್ ಬ್ಲೂಸ್ಟೆಮ್ ಹುಲ್ಲು, ಕೋನ್‌ಫ್ಲವರ್, ಕಿತ್ತಳೆ ಹೂವಿನ ಬಟರ್‌ಫ್ಲೈ ವೀಡ್. ಎರಡು ಮಿಲ್ಕ್‌ವೀಡ್‌ಗಳೂ ನಮ್ಮ ಎಕ್ಕದ ಬಂಧುಗಳು. ಸ್ವಾಂಪ್ ಮಿಲ್ಕ್‌ವೀಡ್ ಒದ್ದೆ ಜೇಡಿಯಲ್ಲಿ ಸುಖವಾಗಿರುತ್ತದೆ. ಬಟರ್‌ಫ್ಲೈ ವೀಡ್‌ಗೆ ರೋಮದ ಕಿರಿದಾದ ಎಲೆ, ಆಳದ ತಾಯಿಬೇರು, ಅದು ಕೆಸರಿನಲ್ಲಿ ಒಂದು ಚಳಿಗಾಲವೂ ಬಾಳದು. ಊರಿನಲ್ಲಿ ಎಕ್ಕದ ಎಲೆ ತಿಂದು ಪ್ಲೇನ್ ಟೈಗರ್ ಚಿಟ್ಟೆಯ ಹುಳು ಬೆಳೆಯುತ್ತದೆ. ಇಲ್ಲಿ ಮಿಲ್ಕ್‌ವೀಡ್ ಇಲ್ಲದೆ ಇಲಿನಾಯ್‌ನ ರಾಜ್ಯಕೀಟವಾದ ಮೊನಾರ್ಕ್ ಚಿಟ್ಟೆಗೆ ಸಂತಾನವೇ ಇಲ್ಲ.

ಗಿಡಗಳನ್ನು ಅರಣ್ಯ ಸಂರಕ್ಷಣಾ ಪ್ರದೇಶಗಳಿಂದ ಕಿತ್ತು ತರಬೇಡಿ. ಬಸ್ಸಿ ವುಡ್ಸ್ ಸೇರಿದಂತೆ ಕುಕ್ ಕೌಂಟಿಯ ಕಾಡುಗಳಲ್ಲಿ ಒಂದು ಹೂ ಕೀಳುವುದೂ ಅಪರಾಧ. ಸ್ಥಳೀಯ ಗಿಡಗಳ ನರ್ಸರಿಯಿಂದ ಕೊಳ್ಳಿ, ಇಲ್ಲವೇ ಬೀಜ ತಂದು ನವೆಂಬರ್‌ನಲ್ಲಿ ನೆಲಕ್ಕೆ ಚೆಲ್ಲಿ. ಇವುಗಳಲ್ಲಿ ಹೆಚ್ಚಿನವಕ್ಕೆ ಒಂದು ಚಳಿಗಾಲ ಒದ್ದೆ ನೆಲದಲ್ಲಿ ಕಳೆದ ಮೇಲೆಯೇ ಮೊಳಕೆ ಬರುವುದು. ನಿಮ್ಮ ಮನೆಮಾಲೀಕರ ಸಂಘದ ನಿಯಮ ಮೊದಲು ಕೇಳಿಕೊಳ್ಳಿ. ಗುದ್ದಲಿ ಹಾಕುವ ಮುಂಚೆ 811ಕ್ಕೆ ಕರೆ ಮಾಡಿದರೆ ಜೂಲಿ ಸಂಸ್ಥೆಯ ಮೂಲಕ ಗ್ಯಾಸ್ ಕೊಳವೆ, ವಿದ್ಯುತ್ ತಂತಿಗಳಿರುವ ಜಾಗವನ್ನು ಉಚಿತವಾಗಿ ಗುರುತು ಮಾಡಿಕೊಡುತ್ತಾರೆ.

ಚಳಿಗಾಲದಲ್ಲಿ ಒಣ, ತೇವ ಎರಡೂ ಸೀಮೆಯ ಗಿಡಗಳನ್ನು ಒಂದೇ ಸೂರಿನಡಿ ನೋಡಬೇಕೆಂದರೆ 1908ರಲ್ಲಿ ತೆರೆದ ಷಿಕಾಗೊದ ಗಾರ್ಫೀಲ್ಡ್ ಪಾರ್ಕ್ ಕನ್ಸರ್ವೇಟರಿಗೆ ಹೋಗಿ. ಜರೀಗಿಡಗಳ ಕೋಣೆಯೂ ಮರುಭೂಮಿಯ ಕೋಣೆಯೂ ಅಲ್ಲಿವೆ. ಡೆಟ್ರಾಯಿಟ್ ಕಡೆಯವರಿಗೆ ಆನ್ ಆರ್ಬರ್‌ನ ಮತ್ತಾಯಿ ಸಸ್ಯೋದ್ಯಾನವಿದೆ. ಸ್ಪ್ರಿಂಗ್ ವ್ಯಾಲಿಗೆ ಪ್ರವೇಶ ಶುಲ್ಕವಿಲ್ಲ. ಬರುವ ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಹೊಲ ಗದ್ದೆ ಕಂಡ ಅವರ ಕಣ್ಣಿಗೆ ಅಲ್ಲಿನ ಗಿಡಗಳಲ್ಲಿ ನಮಗಿಂತ ಹೆಚ್ಚು ಸಂಗತಿಗಳು ಕಾಣುತ್ತವೆ.